ಅಜ್ಜನ ಟ್ರಂಕಿನ ಚಂದಮಾಮ: ಕತ್ತರಿ ಎತ್ತುವ ಮೊದಲು

ಪ್ರಶ್ನೆ: ಸರ್, ನಮ್ಮದು ಮೂಲ ಜಮಖಂಡಿ. ಈಗ ಬೆಳಗಾವಿಯ ಟಿಳಕವಾಡಿಯಲ್ಲಿದ್ದೇವೆ. ಊರಿನ ಹಳೆ ಮನೆ ಕೆಡವುವಾಗ ಅಜ್ಜನ ಟ್ರಂಕು ಸಿಕ್ಕಿತು. ಅಜ್ಜ ಶಾಲೆ ಮಾಸ್ತರರಾಗಿದ್ದರು. ಒಳಗೆ ಚಂದಮಾಮ, ಕಸ್ತೂರಿ, ಮರಾಠಿಯ ಕಿರ್ಲೋಸ್ಕರ್, ಕೆಲವು ದೀಪಾವಳಿ ಅಂಕಗಳು (ಹಬ್ಬದ ವಿಶೇಷಾಂಕಗಳು), ಒಂದಷ್ಟು ಇಂದ್ರಜಾಲ ಕಾಮಿಕ್ಸ್ ಇವೆ. ಮುಖಪುಟದ ಚಿತ್ರಗಳಿಗೆ ಮನಸ್ಸು ಸೋತೆ. ಒಂದರ ಫೋಟೋ ಕಳಿಸಿದ್ದೇನೆ. ಇನ್ನೂ ಕೂಡಿಸಬೇಕು ಅನ್ನಿಸುತ್ತಿದೆ. ಆದರೆ ತಮ್ಮ, 'ಮುಖಪುಟ ಕತ್ತರಿಸಿ ಲ್ಯಾಮಿನೇಟ್ ಮಾಡಿಸಿ ಪಡಸಾಲೆಯಲ್ಲಿ ಹಾಕೋಣ, ಉಳಿದದ್ದು ರದ್ದಿಗೆ ಕೊಡೋಣ' ಅನ್ನುತ್ತಿದ್ದಾನೆ. ಕೆಲವು ಸಂಚಿಕೆ ಯಾವ ವರ್ಷದ್ದು ಅಂತಲೇ ತಿಳಿಯುತ್ತಿಲ್ಲ. ಒಬ್ಬರು ಇಡೀ ಟ್ರಂಕಿಗೆ ಒಂದೇ ಮೊತ್ತ ಹೇಳಿ ಕೇಳಿದ್ದಾರೆ. ಏನು ಮಾಡಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ತಮ್ಮನ ಕೈಯಿಂದ ಕತ್ತರಿ ಇಸಿದುಕೊಳ್ಳಿ. ಬಾಕಿ ಮಾತು ಆಮೇಲೆ.

ಕತ್ತರಿಸಿದ ಮುಖಪುಟ ಚೆಂದ ಕಾಣುತ್ತದೆ, ಸುಳ್ಳಲ್ಲ. ಆದರೆ ಅದು ಅಲ್ಲಿಗೇ ಮೂಕವಾಯಿತು. ಯಾವ ತಿಂಗಳದ್ದು, ಯಾರು ಬರೆದದ್ದು, ಯಾವ ಊರಲ್ಲಿ ಅಚ್ಚಾದದ್ದು, ಚಿತ್ರಕ್ಕೂ ಒಳಗಿನ ಕತೆಗೂ ಏನು ಸಂಬಂಧ, ಇದೆಲ್ಲ ಒಳಪುಟಗಳಲ್ಲಿರುತ್ತದೆ. ಎಷ್ಟೋ ಪತ್ರಿಕೆಗಳು ಪರಿವಿಡಿಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಮುಖಚಿತ್ರ' ಅಂತ ಬರೆದು ಕಲಾವಿದರ ಹೆಸರು ಹಾಕುತ್ತಿದ್ದವು. ಆ ಪುಟ ರದ್ದಿಗೆ ಹೋದರೆ ಹೆಸರೂ ಹೋಯಿತು. ಇನ್ನು ಮರಾಠಿಯ 'ಆವಾಜ್' ಥರದ ದೀಪಾವಳಿ ಅಂಕ ಏನಾದರೂ ನಿಮ್ಮ ಟ್ರಂಕಿನಲ್ಲಿದ್ದರೆ ಒಮ್ಮೆ ತೆರೆದು ನೋಡಿ. ಅದರಲ್ಲಿ ಕಿಟಕಿ ಚಿತ್ರಗಳು ಇರುತ್ತವೆ. ಪುಟದಲ್ಲಿ ಒಂದು ಕಿಂಡಿ ಕೊರೆದಿರುತ್ತಾರೆ. ಕಿಂಡಿಯಲ್ಲಿ ಕಾಣುವುದು ಹಿಂದಿನ ಪುಟದ ಒಂದು ತುಣುಕು. ಏನೋ ಪೋಲಿ ಚಿತ್ರ ಇರಬೇಕು ಅಂದುಕೊಂಡು ಪುಟ ತಿರುಗಿಸಿದರೆ ಅಲ್ಲಿ ಬೇರೆಯೇ ಸಂಗತಿ, ನಗು ಬರುತ್ತದೆ. ಒಂದು ಹಾಳೆ ಕತ್ತರಿಸಿದರೆ ಎರಡೂ ಚಿತ್ರ ಕೆಟ್ಟವು.

ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಒಳಗಿನ ಕಾಗದ ಹಳದಿಯಾಗುವುದು ನಿಲ್ಲುವುದೂ ಇಲ್ಲ. ಪಡಸಾಲೆಗೆ ಚಿತ್ರ ಬೇಕೇ ಬೇಕು ಅಂದರೆ ಮುಖಪುಟವನ್ನು ಸ್ಕ್ಯಾನ್ ಮಾಡಿಸಿ, ಒಳ್ಳೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಆ ಪ್ರಿಂಟಿಗೆ ಫ್ರೇಮ್ ಹಾಕಿಸಿ. ಬಿಸಿಲು ಬಿದ್ದು ಬಣ್ಣ ಹಾರಿದರೆ ಇನ್ನೊಂದು ತೆಗೆಸಬಹುದು. ಅಸಲು ಟ್ರಂಕಿನಲ್ಲೇ ಇರಲಿ. ತಮ್ಮನಿಗೂ ಸಮಾಧಾನ.

ಈಗ ವರ್ಷ ಪತ್ತೆ ಮಾಡುವ ಮಾತು. ಮುಖಪುಟದಲ್ಲಿ ತಾರೀಖು ಇಲ್ಲದಿದ್ದರೂ ಸಂಚಿಕೆ ತನ್ನ ವಯಸ್ಸನ್ನು ಬೇರೆ ಕಡೆ ಹೇಳಿಕೊಂಡಿರುತ್ತದೆ. ಮೊದಲು ಬೆಲೆ ನೋಡಿ. ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು. ಆಗ 'ನಯಾ ಪೈಸೆ' ಅಂತ ಅಚ್ಚಾಗುತ್ತಿತ್ತು. 1964ರ ಜೂನ್‌ನಲ್ಲಿ 'ನಯಾ' ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. ಅಂದರೆ ಬೆಲೆಯ ಪಕ್ಕದಲ್ಲಿ 'ನ.ಪೈ.' ಅಂತ ಕಂಡರೆ ಆ ಸಂಚಿಕೆ ಹೆಚ್ಚುಕಡಿಮೆ ಆ ಏಳು ವರ್ಷಗಳ ಒಳಗಿನದು.

ಬೆಲೆ ಹರಿದಿದ್ದರೆ ವಿಳಾಸ ನೋಡಿ. ಆರು ಅಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಚಂದಮಾಮದ ವಿಳಾಸ 'ಮದ್ರಾಸು 26' ಅಂತಷ್ಟೇ ಇದ್ದರೆ ಅದಕ್ಕೂ ಹಿಂದಿನದು ಅನ್ನಬಹುದು, '600026' ಇದ್ದರೆ ಆಮೇಲಿನದು. ಜಾಹೀರಾತುಗಳನ್ನೂ ಬಿಡಬೇಡಿ. 'ಮೈಸೂರು ರಾಜ್ಯ' ಅಂತ ಎಲ್ಲಾದರೂ ಇದ್ದರೆ 1973ರ ನವೆಂಬರ್‌ಗಿಂತ ಮೊದಲಿನದು. ನಮ್ಮ ಕಡೆಯ ಅಂಗಡಿಯೊಂದರ ಜಾಹೀರಾತಿನಲ್ಲಿ 'ಮುಂಬಯಿ ರಾಜ್ಯ' ಅಂತ ಕಂಡರೆ 1956ರ ನವೆಂಬರ್‌ಗಿಂತ ಹಿಂದೆ ಹೋಗಬೇಕು. ಬಾಗಲಕೋಟೆಯನ್ನು 'ಜಿಲ್ಲೆ' ಅಂತ ಬರೆದಿದ್ದರೆ 1997ರ ನಂತರದ್ದು, ಅದನ್ನು ಹಳೆಯದು ಅಂತ ಯಾರಾದರೂ ಮಾರಲು ಬಂದರೆ ನಕ್ಕು ಕಳಿಸಿ.

ಕೊನೆಯ ಪುಟದ ತಳದಲ್ಲಿ ಮುದ್ರಕರು, ಪ್ರಕಾಶಕರು ಯಾರು ಎಂಬ ಸಾಲು ಇರುತ್ತದೆ. ಅದು ಸುಮ್ನೆ ಹಾಕಿದ್ದಲ್ಲ. 1867ರ ಕಾಯ್ದೆಯ ಪ್ರಕಾರ ಹಾಕಲೇಬೇಕಿತ್ತು. ಎಷ್ಟೋ ಸಲ ಮುಖಪುಟವನ್ನು ಬೇರೆ ಪ್ರೆಸ್ಸಿನಲ್ಲಿ, ಒಳಪುಟಗಳನ್ನು ಬೇರೆ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸುತ್ತಿದ್ದರು. ಅದೂ ಆ ಸಾಲಿನಲ್ಲೇ ತಿಳಿಯುತ್ತದೆ. ಒಂದು ಎಚ್ಚರ: ನೋಂದಣಿ ಸಂಖ್ಯೆಯ ಕೊನೆಗೆ '57' ಅಂತೇನೋ ಇದ್ದರೆ ಅದು ಪತ್ರಿಕೆ ನೋಂದಣಿಯಾದ ವರ್ಷ. ಸಂಚಿಕೆಯ ವರ್ಷ ಅಂದುಕೊಳ್ಳಬೇಡಿ. ಮಾರುವವರು ಬಹಳಷ್ಟು ಸಲ ಇದನ್ನೇ ತೋರಿಸಿ ವಯಸ್ಸು ಏರಿಸುತ್ತಾರೆ.

ನಿಮ್ಮ ಟ್ರಂಕಿನಲ್ಲಿ ಕನ್ನಡ, ಮರಾಠಿ ಎರಡೂ ಕಲೆತಿರುವುದಕ್ಕೆ ಆಶ್ಚರ್ಯ ಪಡಬೇಕಿಲ್ಲ. ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನ. ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮಾಸ್ತರ ಮನೆಯಲ್ಲಿ ಹುಬ್ಬಳ್ಳಿಯ ಪತ್ರಿಕೆ ಒಂದು ಕಡೆ, ಪುಣೆ ಮುಂಬಯಿಯ ಮಾಸಿಕ ಇನ್ನೊಂದು ಕಡೆ ಇರುವುದು ಇಲ್ಲಿಯ ರೂಢಿ. ಬೆಂಗಳೂರಿನ ಸಂಗ್ರಹಕಾರರಿಗೆ ಇಂಥ ಟ್ರಂಕು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಹೇಳುವುದು, ಮರಾಠಿ ಅಂತ ಬೇರೆ ಮಾಡಿ ಬದಿಗೆ ಸರಿಸಬೇಡಿ.

ಕಿರ್ಲೋಸ್ಕರನ್ನೇ ತೆಗೆದುಕೊಳ್ಳಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ನಿಮ್ಮ ಬೆಳಗಾವಿಯಲ್ಲೇ. ಕಿರ್ಲೋಸ್ಕರ್ ರೋಡ್ ಅಂತ ನೀವು ದಿನಾ ಓಡಾಡುವ ರಸ್ತೆಗೆ ಆ ಹೆಸರು ಅಲ್ಲಿಂದ ಬಂದದ್ದು. ಆಮೇಲೆ ಔಂಧ ಸಂಸ್ಥಾನದವರು ಜಾಗ ಕೊಟ್ಟು, 1910ರಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಆಯಿತು. ನೇಗಿಲು ಮಾಡುವ ಆ ಕಾರ್ಖಾನೆಯಿಂದ 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಅನ್ನುವ ಪತ್ರಿಕೆ ಹೊರಟಿತು. ಅದೇ ಮುಂದೆ 'ಕಿರ್ಲೋಸ್ಕರ್' ಆಯಿತು. 1930ಕ್ಕೆ 'ಸ್ತ್ರೀ', 1934ಕ್ಕೆ 'ಮನೋಹರ' ಸೇರಿಕೊಂಡವು. ಸಂಪಾದಕ ಶಂಕರರಾವ್ ಕಿರ್ಲೋಸ್ಕರ್ ಸ್ವತಃ ಚಿತ್ರ ಬರೆಯುವವರು. ಹಾಗಾಗಿ ಮುಖಪುಟಕ್ಕೆ ಏನು ಬರಬೇಕು ಅನ್ನುವುದರಲ್ಲಿ ಅವರಿಗೆ ಕಣ್ಣಿತ್ತು. ದೇವರ ಚಿತ್ರ, ರಾಜರ ಚಿತ್ರ ಬಿಟ್ಟು ಓದುವ ಹೆಂಗಸು, ಕೆಲಸ ಮಾಡುವ ಹೆಂಗಸು ಮುಖಪುಟಕ್ಕೆ ಬಂದ ಕಾಲ ಅದು. ಟ್ರಂಕಿನಲ್ಲಿ 'ಸ್ತ್ರೀ' ಒಂದೆರಡು ಸಿಕ್ಕರೆ ನನ್ನ ಲೆಕ್ಕದಲ್ಲಿ ಅವೇ ಎಲ್ಲಕ್ಕಿಂತ ಜಾಸ್ತಿ ಬಾಳುವಂಥವು, ಮಾರುಕಟ್ಟೆ ಏನೇ ಹೇಳಲಿ.

ದೀಪಾವಳಿ ಅಂಕದ ಪದ್ಧತಿ ಮರಾಠಿಯಲ್ಲಿ 1909ರಲ್ಲಿ 'ಮನೋರಂಜನ' ಪತ್ರಿಕೆಯಿಂದ ಶುರುವಾಯಿತು. ನಮ್ಮ ಕನ್ನಡದ ದೀಪಾವಳಿ, ಯುಗಾದಿ ವಿಶೇಷಾಂಕಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವುದೇ ಒಂದು ಸೊಗಸು. ಈ ಅಂಕಗಳ ಮುಖಪುಟದಲ್ಲಿ ಎರಡು ಹೆಸರು ಹುಡುಕಿ. ಒಂದು ದೀನಾನಾಥ ದಲಾಲ, ಗೋವೆಯ ಕಡೆಯವರು, 1916ರಿಂದ 1971ರವರೆಗೆ ಬದುಕಿದ್ದರು. 1945ರಲ್ಲಿ ತಮ್ಮದೇ 'ದೀಪಾವಳಿ' ಪತ್ರಿಕೆ ಶುರು ಮಾಡಿದರು. ಇನ್ನೊಂದು ರಘುವೀರ ಮುಳಗಾಂವಕರ, 1918ರಿಂದ 1976. ಇಬ್ಬರನ್ನೂ ಗುರುತಿಸುವುದು ಕಷ್ಟವಲ್ಲ. ದಲಾಲರದ್ದು ಗೆರೆಯ ಕೈ. ಸೀರೆಯ ಅಂಚು, ಕತ್ತಿನ ತಿರುವು ಎಲ್ಲ ಒಂದೇ ಓಟದ ಗೆರೆಯಲ್ಲಿ ಬರುತ್ತದೆ, ಬಣ್ಣ ಹರವಿಟ್ಟಂತೆ ಚಪ್ಪಟೆಯಾಗಿ ಕೂರುತ್ತದೆ. ಮುಳಗಾಂವಕರರದ್ದು ನುಣುಪು. ಕೆನ್ನೆ, ತೋಳು, ಒಡವೆಯ ಹೊಳಪು ಬೆಣ್ಣೆ ಸವರಿದ ಹಾಗೆ. ನಮ್ಮ ಕಡೆ ಎಷ್ಟೋ ಮನೆಯ ಕ್ಯಾಲೆಂಡರಿನ ಲಕ್ಷ್ಮಿ, ಕೃಷ್ಣ ಅವರ ಕೈಯದ್ದೇ. ನನಗೆ ದಲಾಲರೇ ಮೇಲು. ಇದನ್ನು ಒಪ್ಪದ ಸಂಗ್ರಹಕಾರರು ಬೆಳಗಾವಿಯಲ್ಲಿ ಸಾಕಷ್ಟಿದ್ದಾರೆ, ಚಹಾದ ಅಂಗಡಿಯಲ್ಲಿ ಜಗಳಕ್ಕೇ ಬರುತ್ತಾರೆ.

ಇನ್ನು ಕಲಬುರಗಿಯ ಎಸ್. ಎಂ. ಪಂಡಿತರನ್ನು ಮರೆಯಬಾರದು. ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು, ಬಾಬುರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟ ಬರೆದವರು. ಆ ಪತ್ರಿಕೆ 1935ರಲ್ಲಿ ಶುರುವಾದದ್ದು. ಇಂಗ್ಲಿಷ್ ಪತ್ರಿಕೆ ಆದರೂ ನಮ್ಮ ಕಡೆಯ ಹಳೆ ವಾಡೆಗಳಲ್ಲಿ ಒಂದೊಂದು ಸಿಗುವುದುಂಟು.

ಚಂದಮಾಮದ ಮಾತಿಗೆ ಬರೋಣ, ನಿಮ್ಮ ಮನಸ್ಸು ಅಲ್ಲೇ ಇದೆ ಅನ್ನುವುದು ಗೊತ್ತು. ಬಿ. ನಾಗಿರೆಡ್ಡಿ, ಚಕ್ರಪಾಣಿ ಸೇರಿ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದರು. ಕನ್ನಡಕ್ಕೆ 1949ರಲ್ಲಿ ಬಂತು. ಮರಾಠಿಯಲ್ಲಿ ಅದರ ಹೆಸರು 'ಚಾಂದೋಬಾ'. ಎಲ್ಲ ಭಾಷೆಗೂ ಮುಖಚಿತ್ರ ಒಂದೇ, ಮೇಲಿನ ಹೆಸರು ಮಾತ್ರ ಬದಲು. ಬೆಳಗಾವಿಯಲ್ಲಿ ಇದರಿಂದ ಒಂದು ಲಾಭವಿದೆ. ನಿಮ್ಮ ಕನ್ನಡ ಸಂಚಿಕೆಯ ಮುಖಪುಟ ಹರಿದಿದ್ದರೆ, ಅದೇ ತಿಂಗಳ ಚಾಂದೋಬಾ ಶಹಾಪುರದ ಯಾವುದೋ ಮನೆಯಲ್ಲಿ ಚೆನ್ನಾಗಿ ಉಳಿದಿರಬಹುದು. ಎರಡನ್ನೂ ಇಟ್ಟುಕೊಳ್ಳಿ. ಒಂದರ ಮುಖಪುಟ ಕಿತ್ತು ಇನ್ನೊಂದಕ್ಕೆ ಹಚ್ಚುವ ಬುದ್ಧಿ ಮಾತ್ರ ಬೇಡ.

ಚಂದಮಾಮದ ಮೊದಲ ದಶಕದಲ್ಲಿ ಎಂ. ಟಿ. ವಿ. ಆಚಾರ್ಯರ ಮಹಾಭಾರತದ ಮುಖಪುಟಗಳಿವೆ. ನಮ್ಮ ಕನ್ನಡದವರೇ. ಅವರ ನಂತರ ಮುಖಪುಟವನ್ನು ಬಹುಕಾಲ ನಡೆಸಿಕೊಂಡು ಹೋದವರು ವಡ್ಡಾದಿ ಪಾಪಯ್ಯ. ಅವರ ಸಹಿ 'ವಪಾ'. ತೆಲುಗು ಅಕ್ಷರದಲ್ಲಿದ್ದರೂ ಕನ್ನಡ ಬಲ್ಲವರಿಗೆ ಓದಲು ಬರುತ್ತದೆ. ಒಳಪುಟಗಳಲ್ಲಿ ಇನ್ನಿಬ್ಬರು. 'ಚಿತ್ರಾ' ಅಂತ ಸಹಿ ಹಾಕುತ್ತಿದ್ದ ಟಿ. ವಿ. ರಾಘವನ್, ಮತ್ತೆ 'ಶಂಕರ್' ಅಂದರೆ ಕೆ. ಸಿ. ಶಿವಶಂಕರನ್. ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನನ್ನು ನಮ್ಮ ಕಣ್ಣಲ್ಲಿ ನಿಲ್ಲಿಸಿದವರು ಶಂಕರ್. 2020ರಲ್ಲಿ ತೀರಿಕೊಂಡರು.

ಕನ್ನಡದ ಉಳಿದ ಪತ್ರಿಕೆಗಳ ಬಗ್ಗೆ ಚುಟುಕಾಗಿ. ಕಸ್ತೂರಿ 1956ರಿಂದ ಹುಬ್ಬಳ್ಳಿಯಲ್ಲಿ ಹೊರಟದ್ದು. ಪಾ. ವೆಂ. ಆಚಾರ್ಯರು ಸಂಪಾದಕರಾಗಿದ್ದ ಕಾಲದ ಸಂಚಿಕೆಗಳನ್ನು ಚಿತ್ರಕ್ಕಿಂತ ಓದಿಗಾಗಿ ಇಟ್ಟುಕೊಳ್ಳಿ. 1965ರ ಸುಧಾ, 1983ರ ತರಂಗದಲ್ಲಿ ನನಗೆ ಮುಖಪುಟಕ್ಕಿಂತ ಕತೆ, ಧಾರಾವಾಹಿಗೆ ಬರೆದ ಒಳಚಿತ್ರಗಳೇ ಮುಖ್ಯ. ಕೊರವಂಜಿ ಸಿಕ್ಕರೆ ಬಿಡಬೇಡಿ. ಎಂ. ಶಿವರಾಂ (ರಾಶಿ) ಅವರು 1942ರಲ್ಲಿ ಶುರು ಮಾಡಿದ ಆ ಹಾಸ್ಯ ಪತ್ರಿಕೆಯಲ್ಲಿ ಆರ್. ಕೆ. ಲಕ್ಷ್ಮಣ್ ಎಳವೆಯಲ್ಲೇ ಗೆರೆ ಎಳೆದಿದ್ದಾರೆ. ಇಂದ್ರಜಾಲ ಕಾಮಿಕ್ಸ್ 1964ರಿಂದ 1990ರವರೆಗೆ ಬಂದವು. ಅವುಗಳ ಬಣ್ಣದ ಮುಖಪುಟಕ್ಕೆ ಗಿರಾಕಿಗಳು ಬೇರೆಯೇ ಇದ್ದಾರೆ, ಬಹಳ ಹುರುಪಿನವರು. ನಿಮಗೆ ಬೇಡವಾದರೆ ಅವರೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು. ಹಾಂ, ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು 1926ರಲ್ಲಿ ಶುರು ಮಾಡಿದ ವಚನ ಸಾಹಿತ್ಯದ ಪತ್ರಿಕೆ 'ಶಿವಾನುಭವ' ಅಜ್ಜನ ಟ್ರಂಕಿನ ತಳದಲ್ಲಿ ಇದ್ದರೂ ಇರಬಹುದು. ಮುಖಪುಟದಲ್ಲಿ ನೋಡುವಂಥದ್ದೇನೂ ಇರುವುದಿಲ್ಲ. ಆದರೂ ಅದನ್ನು ರದ್ದಿಗೆ ಹಾಕಿದರೆ ಪಾಪ ತಟ್ಟುತ್ತದೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಹೆಚ್ಚಿನವರು ಪತ್ರಿಕೆಯ ಹೆಸರು ಹಿಡಿದು ಕೂಡಿಸುತ್ತಾರೆ. ಚಂದಮಾಮದ ಎಲ್ಲ ಸಂಚಿಕೆ ಬೇಕು, ಒಂದೂ ತಪ್ಪಬಾರದು ಅಂತ ಹಟ. ಎರಡು ವರ್ಷಕ್ಕೆ ಮನೆ ತುಂಬುತ್ತದೆ, ಬೇಜಾರೂ ಬರುತ್ತದೆ. ಅರ್ಧಕ್ಕರ್ಧ ಸಂಚಿಕೆ ತೆರೆದೇ ನೋಡಿರುವುದಿಲ್ಲ. ನಿಮಗೆ ಮನಸ್ಸು ಸೋತದ್ದು ಚಿತ್ರಕ್ಕೆ ಅಲ್ವಾ? ಹಾಗಾದರೆ ಚಿತ್ರಕಾರರನ್ನು ಹಿಡಿದುಕೊಂಡು ಹೋಗಿ. ಒಬ್ಬರನ್ನೋ ಇಬ್ಬರನ್ನೋ ಆರಿಸಿಕೊಳ್ಳಿ. ದಲಾಲರನ್ನು ಹಿಡಿದರೆ ದೀಪಾವಳಿ ಅಂಕ, ಕಾದಂಬರಿಯ ರಟ್ಟು, ಕ್ಯಾಲೆಂಡರು, ಜಾಹೀರಾತು ಎಲ್ಲ ಕಡೆ ಅವರ ಕೈ ಹುಡುಕಬೇಕಾಗುತ್ತದೆ. ಕಣ್ಣು ಪಳಗುತ್ತದೆ. ಆಮೇಲೆ ಸಹಿ ಇಲ್ಲದ ಚಿತ್ರವನ್ನೂ ಯಾರದ್ದೆಂದು ಊಹಿಸುವಷ್ಟು ಧೈರ್ಯ ಬರುತ್ತದೆ. ಖರ್ಚೂ ಹಿಡಿತದಲ್ಲಿರುತ್ತದೆ, ಯಾಕೆಂದರೆ ಎದುರಿಗೆ ಬಂದದ್ದೆಲ್ಲ ಕೊಳ್ಳಬೇಕಾಗಿಲ್ಲ.

ಸಹಿ ಎಲ್ಲಿರುತ್ತದೆ? ಬಲಗಡೆ ಕೆಳಮೂಲೆ ಅಂತ ಎಲ್ಲರೂ ಅಲ್ಲೇ ನೋಡುತ್ತಾರೆ. ಬೆಲೆಪಟ್ಟಿಯ ಕೆಳಗೆ, ರಥದ ಗಾಲಿಯ ಪಕ್ಕ, ಕಲ್ಲಿನ ಬುಡದ ನೆರಳಿನಲ್ಲಿ, ಸೀರೆಯ ನಿರಿಗೆಯ ಮಗ್ಗುಲಲ್ಲೂ ಇರುತ್ತದೆ. ಪುಟದ ಅಂಚನ್ನು ಕತ್ತರಿಸುವಾಗ ಅರ್ಧ ಸಹಿ ಹಾರಿ ಹೋದದ್ದೂ ಉಂಟು.

ಒಂದು ಭೂತಗನ್ನಡಿ ಕೊಳ್ಳಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಗಡಿಯಾರ ರಿಪೇರಿಯವರು ಕಣ್ಣಿಗೆ ಹಚ್ಚಿಕೊಳ್ಳುವಂಥದ್ದು ಸಾಕು. ನೀವು ಕಳಿಸಿದ ಫೋಟೋದಲ್ಲಿ ರಥದ ಮೇಲೆ ಬಿಲ್ಲು ಹಿಡಿದ ವೀರನ ಚಿತ್ರವಿದೆಯಲ್ಲ, ಅದರ ಮೇಲೇ ಇಟ್ಟು ನೋಡಿ. ದೂರದಿಂದ ಒಂದೇ ಕೆಂಪು ಕಾಣುವ ಶಲ್ಯ ಹತ್ತಿರದಲ್ಲಿ ಚುಕ್ಕೆಗಳ ರಾಶಿಯಾಗುತ್ತದೆ. ಹಳದಿ ಚುಕ್ಕೆ, ಗುಲಾಬಿಗೆಂಪು ಚುಕ್ಕೆ, ನೀಲಿ ಚುಕ್ಕೆ, ನಡುನಡುವೆ ಕಪ್ಪು. ಫೋಟೋದಲ್ಲೇ ಕಾಣುತ್ತಿದೆ, ಶಲ್ಯದ ಅಂಚಿನಲ್ಲಿ ಕೆಂಪು ಒಂದು ಕೂದಲೆಳೆಯಷ್ಟು ಆಚೆ ಸರಿದಿದೆ. ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕ್ (ಚಿತ್ರ ಮೂಡಿಸಿದ ಲೋಹದ ಅಚ್ಚು) ಇಟ್ಟು, ಅದೇ ಹಾಳೆಯನ್ನು ಮತ್ತೆ ಮತ್ತೆ ಅಚ್ಚಿಗೆ ಕೊಡುವಾಗ ಹೊಂದಿಕೆ ತಪ್ಪಿದ್ದು. ಇದು ದೋಷ ಅಂತ ಕೆಲವರು ಬೆಲೆ ಇಳಿಸುತ್ತಾರೆ. ನಾನು ಇಳಿಸುವುದಿಲ್ಲ.

ಲೋಹದ ಬ್ಲಾಕಿನಿಂದ ಒತ್ತಿದ ಅಚ್ಚಾದರೆ ಪ್ರತಿ ಚುಕ್ಕೆಯ ಸುತ್ತ ಶಾಯಿ ಒತ್ತರಿಸಿ ಗಾಢವಾದ ಅಂಚು ಕಾಣುತ್ತದೆ. ಆಫ್‌ಸೆಟ್ ಆದರೆ ಚುಕ್ಕೆ ಸಮವಾಗಿ, ಚಪ್ಪಟೆಯಾಗಿ ಇರುತ್ತದೆ. ಈಗಿನ ಇಂಕ್‌ಜೆಟ್ ಪ್ರಿಂಟಾದರೆ ಸಾಲಾಗಿ ಕೂತ ಚುಕ್ಕೆಯೇ ಇರುವುದಿಲ್ಲ, ಹಿಟ್ಟು ಉದುರಿಸಿದ ಹಾಗೆ ಅಡ್ಡಾದಿಡ್ಡಿ ಸಿಂಪಡಣೆ ಮಾತ್ರ. ಹಳೆ ಮುಖಪುಟವನ್ನು ಸ್ಕ್ಯಾನ್ ಮಾಡಿ ಹೊಸದಾಗಿ ಅಚ್ಚು ಹಾಕಿ, ಹಳೆ ಸಂಚಿಕೆಗೆ ಹಚ್ಚಿ ಮಾರಿದರೆ ಇಲ್ಲಿ ಸಿಕ್ಕಿಬೀಳುತ್ತದೆ. ಒಳಪುಟವನ್ನೂ ಒಮ್ಮೆ ಬೆರಳಿನಿಂದ ಸವರಿ. ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಟದ ಹಿಂಬದಿ ಅಕ್ಷರದ ಉಬ್ಬು ಕೈಗೆ ಸಿಗುತ್ತದೆ.

ಈಗ ಕಾಪಾಡುವ ಮಾತು. ಟ್ರಂಕು ಇಷ್ಟು ವರ್ಷ ಜಮಖಂಡಿಯಲ್ಲಿತ್ತು, ಅದೇ ದೊಡ್ಡ ಪುಣ್ಯ. ಅಲ್ಲಿ ಒಣ ಹವೆ. ಕಾಗದ ಹಳದಿಯಾಗುತ್ತದೆ, ಗರಿಗರಿಯಾಗಿ ಮುರಿಯುತ್ತದೆ, ಆದರೆ ಬೂಷ್ಟು ಹಿಡಿಯುವುದು ಕಡಿಮೆ. ಈಗ ಅದನ್ನು ಬೆಳಗಾವಿಗೆ ತಂದಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಾಗದದ ಪಾಡು ಕೇಳಬೇಕೆ? ಪಶ್ಚಿಮದ ಗೋಡೆಗೆ ತಾಗಿಸಿ ಕಪಾಟು ಇಡಬೇಡಿ. ಮಳೆ ಹೊಡೆತ ಆ ಗೋಡೆಗೇ ಹೆಚ್ಚು. ಗೋಡೆಗೂ ಕಪಾಟಿಗೂ ನಡುವೆ ಕೈ ಹೋಗುವಷ್ಟು ಜಾಗ ಬಿಡಿ. ನೆಲದಿಂದಲೂ ಮೇಲಿರಲಿ. ತಗಡಿನ ಮಾಡಿನ ಕೆಳಗಿನ ಅಟ್ಟ ಬೇಡವೇ ಬೇಡ, ಬೇಸಿಗೆಯ ಬಿಸಿಗೆ ಕಾಗದ ಬೇಗ ಮುದಿಯಾಗುತ್ತದೆ.

ಒಳಪುಟ ಯಾಕೆ ಕಂದಾಗುತ್ತದೆ, ಮುಖಪುಟ ಯಾಕೆ ಬೆಳ್ಳಗೆ ಉಳಿಯುತ್ತದೆ ಅಂತ ಅನ್ನಿಸಿರಬೇಕು. ಒಳಪುಟ ನ್ಯೂಸ್‌ಪ್ರಿಂಟ್. ಮರವನ್ನು ಅರೆದು ಮಾಡಿದ ಅಗ್ಗದ ಕಾಗದ. ಅದರಲ್ಲಿ ಲಿಗ್ನಿನ್ ಅನ್ನುವ ಅಂಶ ಹಾಗೇ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿದ ಹಾಗೆ ಅದು ಕಂದಾಗಿ ಆಮ್ಲ ಬಿಡುತ್ತದೆ. ಮುಖಪುಟ ಆರ್ಟ್ ಪೇಪರ್, ಮೇಲೆ ನಯವಾದ ಬಿಳಿ ಮಣ್ಣಿನ ಲೇಪ ಇರುತ್ತದೆ. ಬಣ್ಣ ಹೊಳೆಯುವುದು ಆ ಲೇಪದಿಂದ. ಆದರೆ ಒಮ್ಮೆ ಒದ್ದೆಯಾದರೆ ಅದೇ ಲೇಪ ಅಂಟಾಗುತ್ತದೆ. ಒಣಗಿದ ಮೇಲೆ ಎರಡು ಮುಖಪುಟ ಕಚ್ಚಿಕೊಂಡರೆ ಬಿಡಿಸಲು ಹೋಗಬೇಡಿ, ಎರಡೂ ಹಾಳಾಗುತ್ತವೆ. ಒದ್ದೆ ಬಟ್ಟೆಯಿಂದ ಮುಖಪುಟ ಒರೆಸುವುದನ್ನು ಈ ಕಾರಣಕ್ಕೇ ಬೇಡ ಅನ್ನುವುದು. ಧೂಳು ತೆಗೆಯಲು ಮೆತ್ತಗಿನ ಬ್ರಷ್ ಸಾಕು. ಬೆನ್ನಿನ ಕಡೆಯಿಂದ ಹೊರಗೆ ಹೊಡೆಯಿರಿ.

ನಡುವಿನ ಪಿನ್ನುಗಳನ್ನು ನೋಡಿ. ತುಕ್ಕು ಹಿಡಿದಿದ್ದರೆ ಸುತ್ತ ಕಂದು ಕಲೆ ಹರಡಿರುತ್ತದೆ, ಕಾಗದ ಅಲ್ಲೇ ಹರಿಯುತ್ತದೆ. ಎಳೆದು ಕೀಳಬೇಡಿ. ನಡುಪುಟ ತೆರೆದು, ಪಿನ್ನಿನ ಎರಡು ಕಾಲನ್ನು ತೆಳುವಾದ ಮೊಂಡು ಚಾಕುವಿನಿಂದ ನೆಟ್ಟಗೆ ಎಬ್ಬಿಸಿ, ಹೊರಬದಿಯಿಂದ ಮೆಲ್ಲಗೆ ತೆಗೆಯಿರಿ. ಅದೇ ತೂತಿನಲ್ಲಿ ಬಿಳಿ ಹತ್ತಿ ದಾರ ಹಾಕಿ ಸಡಿಲಾಗಿ ಗಂಟು ಹಾಕಿ. ದಪ್ಪ ದೀಪಾವಳಿ ಅಂಕಗಳಿಗೆ ಪಿನ್ನನ್ನು ಬದಿಯಿಂದ ಹೊಡೆದು ಬೆನ್ನಿಗೆ ಗೋಂದು ಹಚ್ಚಿರುತ್ತಾರೆ. ಅವುಗಳನ್ನು ಮುಟ್ಟಬೇಡಿ. ಪೂರಾ ತೆರೆದು ಹಾಸಿದರೆ ಬೆನ್ನು ಒಡೆಯುತ್ತದೆ.

ಹರಿದಲ್ಲಿ ಸೆಲ್ಲೋಟೇಪ್ ಹಚ್ಚುವ ಚಾಳಿ ನಮ್ಮಲ್ಲಿ ಬಹಳ. ಕೆಲವೇ ವರ್ಷಕ್ಕೆ ಅದು ಹಳದಿಯಾಗಿ, ಅಂಟು ಕಾಗದದೊಳಗೆ ಇಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಉದುರಿದರೂ ಕಲೆ ಹೋಗುವುದಿಲ್ಲ. ಮೈದಾ ಗಂಜಿಯೂ ಬೇಡ, ಹುಳಕ್ಕೆ ಊಟ ಬಡಿಸಿದಂತೆ. ಹರಿದದ್ದು ಹರಿದಂತೆಯೇ ಕವರಿನಲ್ಲಿ ಇರಲಿ. ಬಹಳ ಅಪರೂಪದ ಸಂಚಿಕೆ ಇದ್ದರೆ ಮಾತ್ರ ಕಾಗದ ಸಂರಕ್ಷಣೆ ಕಲಿತವರಿಗೆ ಕೊಡಿ, ಅವರು ತೆಳು ಜಪಾನಿ ಕಾಗದ ಹಚ್ಚಿ ಸರಿ ಮಾಡುತ್ತಾರೆ.

ಕವರು ಕೊಳ್ಳುವಾಗ ಮೂಗು ಬಳಸಿ. ಹೊಸ ಮಳೆ ಅಂಗಿಯ ಥರ ವಾಸನೆ ಬಂದರೆ ಅದು ಪಿವಿಸಿ. ಕಾಲ ಕಳೆದಂತೆ ಶಾಯಿಯನ್ನೇ ಎಳೆದುಕೊಂಡು ಅಂಟಿಕೊಳ್ಳುತ್ತದೆ. ತ್ರಿಕೋನದ ಒಳಗೆ 3 ಅಂತ ಇದ್ದರೆ ಪಿವಿಸಿ, 5 ಇದ್ದರೆ ಪಾಲಿಪ್ರೊಪಿಲೀನ್. 5 ತೆಗೆದುಕೊಳ್ಳಿ. ಬಾಯಿ ಪೂರ್ತಿ ಮುಚ್ಚಬೇಡಿ, ಸ್ವಲ್ಪ ಗಾಳಿಯಾಡಲಿ. ತೆಳು ಸಂಚಿಕೆಗಳಿಗೆ ಹಿಂದೊಂದು ಬಿಳಿ ರಟ್ಟು ಕೊಟ್ಟು ನಿಲ್ಲಿಸಿಡಿ. ದಪ್ಪನೆಯವನ್ನು ಮಲಗಿಸಿಡಿ, ಒಂದರ ಮೇಲೊಂದು ಗೋಪುರ ಕಟ್ಟಬೇಡಿ.

ಹುಳದ ಕಾಟಕ್ಕೆ ಡಾಂಬರು ಗುಳಿಗೆ ಹಾಕುವುದು ಎಲ್ಲ ಮನೆಯ ಪದ್ಧತಿ. ಅದರ ಹೊಗೆ ಮನುಷ್ಯರಿಗೇ ಒಳ್ಳೆಯದಲ್ಲ, ಮಕ್ಕಳಿರುವ ಮನೆಯಲ್ಲಂತೂ ಬೇಡ. ಹುಳ ಕಂಡ ಸಂಚಿಕೆಗಳನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೈನಸ್ 18 ಡಿಗ್ರಿ ಇದ್ದರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ಗಾಳಿಯ ತೇವ ಕಾಗದದ ಮೇಲೇ ಕೂರುತ್ತದೆ. ಬೂಷ್ಟು ಹಿಡಿದದ್ದನ್ನು ಮಾತ್ರ ಬೇರೆಯೇ ಇಡಿ. ನೆರಳಲ್ಲಿ ಚೆನ್ನಾಗಿ ಒಣಗಿದ ಮೇಲೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ ಬ್ರಷ್ ಮಾಡಿ. ಬಿಸಿಲಿಗೆ ಹಾಕಬೇಡಿ. ಕೆಂಪು, ಹಳದಿ ಮೊದಲು ಹಾರಿ, ಕೊನೆಗೆ ನೀಲಿ ಮಾತ್ರ ಉಳಿದು ಚಿತ್ರ ರೋಗಿಯ ಹಾಗೆ ಕಾಣುತ್ತದೆ.

ಇನ್ನಷ್ಟು ಎಲ್ಲಿ ಸಿಗುತ್ತದೆ? ರದ್ದಿ ಅಂಗಡಿಯವರನ್ನು ಪರಿಚಯ ಮಾಡಿಕೊಳ್ಳಿ. ನಿಮಗೆ ಬೇಕಾದದ್ದರ ಒಂದು ಮಾದರಿ ತೋರಿಸಿ, ಇಂಥದ್ದು ಬಂದರೆ ಕಟ್ಟು ಬಿಚ್ಚದೆ ಇಡಿ ಅಂತ ಹೇಳಿ ನಂಬರ್ ಕೊಟ್ಟು ಬನ್ನಿ. ಕಿಲೋ ಲೆಕ್ಕದಲ್ಲಿ ಕೊಂಡು ಸುಮ್ನೆ ಬರಬೇಡಿ, ಅವರಿಗೆ ಸ್ವಲ್ಪ ಮೇಲೆಯೇ ಕೊಡಿ, ಮುಂದಿನ ಸಲ ಅವರೇ ಫೋನ್ ಮಾಡುತ್ತಾರೆ. ದಸರಾ ದೀಪಾವಳಿಗೆ ಮನೆ ಸಾರಿಸುವ ದಿನಗಳಲ್ಲಿ ತಪ್ಪದೆ ಹೋಗಿ. ಬಾಗಲಕೋಟೆಯ ಹಳೆ ಊರಿನಿಂದ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಕುಟುಂಬಗಳಲ್ಲಿ ಬಿಚ್ಚದೇ ಉಳಿದ ಗಂಟುಗಳಿರುತ್ತವೆ, ಪರಿಚಯದವರಿದ್ದರೆ ವಿಚಾರಿಸಿ. ಮುದುಕರಿದ್ದ ಮನೆಗೆ ಹೋದಾಗ ಮೊದಲೇ ಬೆಲೆ ಮಾತಾಡಬೇಡಿ. ಕೂತು ಅವರು ಏನು ಓದುತ್ತಿದ್ದರು ಅಂತ ಕೇಳಿ. ಮಾರುವುದಿಲ್ಲ ಅಂದರೆ ಮುಖಪುಟದ ಫೋಟೋ ತೆಗೆದುಕೊಳ್ಳಲು ಒಪ್ಪಿಗೆ ಕೇಳಿ ಬನ್ನಿ. ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿರಿ: ಗ್ರಂಥಾಲಯದ ಮುದ್ರೆ ಇರುವ ಸಂಚಿಕೆಯನ್ನು, 'ವಿಲೇವಾರಿ' ಅಂತ ಬರೆದಿರದಿದ್ದರೆ, ಕೊಳ್ಳಬೇಡಿ.

ಸ್ಕ್ಯಾನ್ ಮಾಡಿದ ಚಿತ್ರವನ್ನು ಮನೆಗೋಡೆಗೆ ಹಾಕಿಕೊಳ್ಳಿ, ಆದರೆ ಅಂಗಿ, ಚಹಾ ಕಪ್, ಪೋಸ್ಟರ್ ಮೇಲೆ ಅಚ್ಚು ಹಾಕಿ ಮಾರಬೇಡಿ. ನಮ್ಮ ದೇಶದಲ್ಲಿ ಚಿತ್ರದ ಹಕ್ಕು ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ದಲಾಲರ ಲೆಕ್ಕದಲ್ಲಿ 2031ರ ಕೊನೆಯವರೆಗೆ, ಮುಳಗಾಂವಕರರದ್ದು 2036ರ ಕೊನೆಯವರೆಗೆ.

ಇಡೀ ಟ್ರಂಕು ಕೇಳಿದವರಿಗೆ ಈಗಲೇ ಹೂಂ ಅನ್ನಬೇಡಿ, ಉಹೂಂ ಅಂತಲೂ ಅನ್ನಬೇಡಿ. ಮೊದಲು ಒಂದು ನೋಟ್‌ಬುಕ್ ತೆಗೆದು ಪಟ್ಟಿ ಮಾಡಿ. ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ತಿಂಗಳು, ಚಿತ್ರಕಾರರು, ಮುಖಪುಟ ಮುದ್ರಿಸಿದ ಪ್ರೆಸ್ಸು, ಪುಟ ಪೂರ್ತಿ ಇವೆಯೇ, ಹರಿದದ್ದೆಲ್ಲಿ. ಮೂರು ನಾಲ್ಕು ಭಾನುವಾರದ ಕೆಲಸ. ಅಜ್ಜ ಅಂಚಿನಲ್ಲಿ ಏನಾದರೂ ಬರೆದಿದ್ದರೆ, ಚಂದಾ ಚೀಟಿ ಒಳಗಿದ್ದರೆ ಅದನ್ನೂ ಬರೆದುಕೊಳ್ಳಿ, ಚೀಟಿ ಅದೇ ಸಂಚಿಕೆಯಲ್ಲೇ ಇರಲಿ. ಪಟ್ಟಿ ಮುಗಿದ ಮೇಲೆ ಎರಡೆರಡು ಪ್ರತಿ ಇರುವವು, ನೀವು ಆರಿಸಿಕೊಂಡ ಚಿತ್ರಕಾರರಿಗೆ ಸಂಬಂಧವಿಲ್ಲದವು ತಾವಾಗಿ ಬೇರೆಯಾಗುತ್ತವೆ. ಅವುಗಳ ಪಟ್ಟಿಯನ್ನಷ್ಟೇ ಅವರಿಗೆ ತೋರಿಸಿ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಹೇಳಲು ಕೇಳಿ. ಯಾವ ಸಂಚಿಕೆಗೆ ಅವರ ಬೆಲೆ ಅನುಮಾನ ಬರುವಷ್ಟು ಮೇಲಿದೆಯೋ, ಅದನ್ನು ಕೊಡುವ ಮೊದಲು ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿ.